ನಮ್ಮನ್ನು ನೌಕರರು ಅನ್ನಬೇಡಿ

ಕೇಳುಗರೇ, ನಮಸ್ಕಾರ.

ಕೆಲಸ ಕಾಯಂ ಮಾಡಿ, ಪಿ.ಎಫ್. ಕೊಡಿ ಎಂದು ಕೋರ್ಟ್ ಮೆಟ್ಟಿಲು ಹತ್ತುವವರ ಸುದ್ದಿ ದಿನಾ ಬರುತ್ತದೆ. ನಮ್ಮನ್ನು ನೌಕರರು ಎಂದು ಮಾತ್ರ ಕರೆಯಬೇಡಿ ಎಂದು ಪಟ್ಟು ಹಿಡಿದವರೂ ಇದ್ದಾರೆ. ಅಮೆರಿಕದ ವಿಮೆ ಏಜೆಂಟರು ಅಂಥವರು. ಇವತ್ತು ಅವರ ವಿಷಯ.

ಅಲ್ಲಿ ಬಹಳಷ್ಟು ಏಜೆಂಟರಿಗೆ ಸಂಬಳ ಇಲ್ಲ, ಕಮಿಷನ್ ಮಾತ್ರ. ಆಫೀಸಿನ ಬಾಡಿಗೆ, ಕರೆಂಟ್ ಬಿಲ್ಲು, ಫೋನ್ ಎತ್ತುವವರ ಸಂಬಳ ಎಲ್ಲವೂ ಅವರ ಜೇಬಿನಿಂದಲೇ. ಇಷ್ಟೆಲ್ಲ ತಲೆನೋವು ಯಾಕಪ್ಪಾ ಅನ್ನಿಸುತ್ತದೆ, ಅಲ್ವಾ? ಗುಟ್ಟು ಇರುವುದು ರಿನ್ಯೂವಲ್ ಕಮಿಷನ್‌ನಲ್ಲಿ. ಗ್ರಾಹಕರು ಕಂತು ಕಟ್ಟುತ್ತಾ ಹೋದ ಹಾಗೆ ಏಜೆಂಟರಿಗೂ ಒಂದು ಪಾಲು ಬರುತ್ತಿರುತ್ತದೆ. ಹಲವು ಕಂಪನಿಗಳ ಪಾಲಿಸಿ ಮಾರುವವರಿಗಂತೂ ಗ್ರಾಹಕರ ಪಟ್ಟಿಯೇ ಆಸ್ತಿ. ವಯಸ್ಸಾದ ಮೇಲೆ ಅದನ್ನು ಮಾರಬಹುದು, ಮಗಳ ಕೈಗೆ ಒಪ್ಪಿಸಬಹುದು. ನೌಕರನಾದರೆ ಆ ಪಟ್ಟಿ ಕಂಪನಿಯದು.

ಈ ಆಸ್ತಿಗೆ ಕುತ್ತು ಬಂತು ಅನ್ನಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ. 2018ರಲ್ಲಿ ಡೈನಮೆಕ್ಸ್ ಎಂಬ ಡೆಲಿವರಿ ಕಂಪನಿಯ ಚಾಲಕರ ಕೇಸಿನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಮೂರು ಪ್ರಶ್ನೆಗಳ ಪರೀಕ್ಷೆ ಮುಂದಿಟ್ಟಿತು. ಮೂರರಲ್ಲೂ ಪಾಸಾದರೆ ಮಾತ್ರ ಸ್ವತಂತ್ರ ಗುತ್ತಿಗೆದಾರ. ಇಲ್ಲದಿದ್ದರೆ ನೌಕರ. ಏಜೆಂಟರ ಕುತ್ತಿಗೆಗೆ ಬಂದದ್ದು ಎರಡನೆಯ ಪ್ರಶ್ನೆ. ನೀವು ಮಾಡುವ ಕೆಲಸ, ಕಂಪನಿಯ ಮಾಮೂಲಿ ವ್ಯವಹಾರಕ್ಕೆ ಹೊರಗಿನದೇ? ವಿಮೆ ಕಂಪನಿಗೆ ವಿಮೆ ಮಾರಿಕೊಡುವವನು ಇದಕ್ಕೆ ಏನು ಉತ್ತರ ಕೊಡಬೇಕು ಹೇಳಿ!

2019ರಲ್ಲಿ ಇದನ್ನೇ ಎಬಿ 5 ಎಂಬ ಕಾಯ್ದೆ ಮಾಡಿದರು. 2020ರ ಜನವರಿ 1ರಿಂದ ಜಾರಿ. ಆದರೆ ವಿಮೆ ಇಲಾಖೆಯ ಲೈಸೆನ್ಸ್ ಇದ್ದವರಿಗೆ ಕಾಯ್ದೆಯ ಒಳಗೇ ವಿನಾಯಿತಿ ಸಿಕ್ಕಿತು. ಅವರಿಗೆ ಹಲವು ಅಂಶಗಳನ್ನು ಒಟ್ಟಿಗೆ ತೂಗುವ ಹಳೆಯ ಪರೀಕ್ಷೆಯೇ ಉಳಿಯಿತು. ಲಾರಿಯವರು ಕೋರ್ಟಿಗೆ ಅಲೆದರು. ಊಬರ್‌ನಂಥ ಕಂಪನಿಗಳು ಜನರ ಮತದ ಮೊರೆ ಹೋದವು. ಏಜೆಂಟರು ಮಾತ್ರ ಮಸೂದೆ ಪಾಸಾಗುವ ಮೊದಲೇ ಪಾರಾದರು.

ಕೇಂದ್ರ ಸರ್ಕಾರದ ಮಟ್ಟದಲ್ಲಿ ಇನ್ನೂ ಗೊಂದಲ. ಯಾರು ನೌಕರ, ಯಾರು ಗುತ್ತಿಗೆದಾರ ಎಂಬ ಬಗ್ಗೆ 2021ರಲ್ಲಿ ಬಂದ ನಿಯಮ ಸಡಿಲ. 2024ರ ಮಾರ್ಚ್ 11ಕ್ಕೆ ಜಾರಿಯಾದ ಇನ್ನೊಂದು ನಿಯಮ ಬಿಗಿ. ಅದರ ಮೇಲೆ ಹಲವು ಕೇಸುಗಳು ಬಿದ್ದವು. 2025ರ ಮೇ ತಿಂಗಳಲ್ಲಿ ಕಾರ್ಮಿಕ ಇಲಾಖೆ, ನಮ್ಮ ತನಿಖೆಗಳಲ್ಲಿ ಆ ನಿಯಮ ಬಳಸುವುದಿಲ್ಲ ಎಂದುಬಿಟ್ಟಿತು.

ಇನ್ನೊಂದು ಮಗ್ಗುಲೂ ಇದೆ. ನನಗೆ ಜಾಸ್ತಿ ಕುತೂಹಲ ಅದರಲ್ಲೇ.

ಡಾರ್ಡನ್ ಎಂಬ ಏಜೆಂಟ್ 1962ರಿಂದ 1980ರವರೆಗೆ ನೇಷನ್‌ವೈಡ್ ಕಂಪನಿಯ ಪಾಲಿಸಿಯನ್ನಷ್ಟೇ ಮಾರಿದರು. 1980ರ ನವೆಂಬರಿನಲ್ಲಿ ಕಂಪನಿ ಸಂಬಂಧ ಕಡಿದುಕೊಂಡಿತು. ಒಂದು ತಿಂಗಳ ನಂತರ ಡಾರ್ಡನ್ ಬೇರೆ ಕಂಪನಿಗಳ ಪಾಲಿಸಿ ಮಾರಲು ಶುರು ಮಾಡಿದರು. ಹೊಟ್ಟೆಪಾಡು ನಡೆಯಬೇಕಲ್ಲ. ಆದರೆ ಒಪ್ಪಂದದಲ್ಲಿ ಒಂದು ಕೊಕ್ಕೆ ಇತ್ತು. ಬಿಟ್ಟ ಒಂದು ವರ್ಷದೊಳಗೆ, ಹಳೆಯ ಜಾಗದಿಂದ 25 ಮೈಲಿ ಒಳಗೆ, ಎದುರಾಳಿ ಕಂಪನಿಯ ಪಾಲಿಸಿ ಮಾರಿದರೆ ನಿವೃತ್ತಿಯ ದುಡ್ಡು ಖೋತಾ. ಡಾರ್ಡನ್ ಕೋರ್ಟಿಗೆ ಹೋದರು. ನಾನು ನೌಕರ, ಪಿಂಚಣಿ ಕಾನೂನಿನ ರಕ್ಷಣೆ ನನಗೂ ಬೇಕು ಎಂದರು. 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕೆಲಸದ ಮೇಲೆ ಕಂಪನಿಯ ಹಿಡಿತ ಎಷ್ಟು, ಸಲಕರಣೆ ಯಾರದು, ಸಹಾಯಕರಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದನ್ನೆಲ್ಲ ಒಟ್ಟಿಗೆ ತೂಗಿ ನೋಡಿ ಎಂದು ಕೇಸನ್ನು ಕೆಳಗೆ ಕಳಿಸಿತು.

ಅದೇ ತಕ್ಕಡಿಯಲ್ಲಿ ಮುಂದೆ ಅಮೆರಿಕನ್ ಫ್ಯಾಮಿಲಿ ಕಂಪನಿಯ ಸಾವಿರಾರು ಏಜೆಂಟರು ತೂಗಿಸಿಕೊಂಡರು. 2017ರಲ್ಲಿ ಓಹಯೋದ ಕೋರ್ಟ್ ಅವರು ನೌಕರರೇ ಎಂದಿತು. 2019ರ ಜನವರಿಯಲ್ಲಿ ಮೇಲಿನ ಕೋರ್ಟ್ ಎರಡಕ್ಕೆ ಒಂದರ ಬಹುಮತದಲ್ಲಿ ಅದನ್ನು ತಿರುಗಿಸಿ ಹಾಕಿತು. ಕಮಿಷನ್ ಪಡೆದು, ತೆರಿಗೆಯನ್ನು ಸ್ವತಂತ್ರರಾಗಿ ಕಟ್ಟಿದ ಮೇಲೆ ನೌಕರರು ಹೇಗಾದೀರಿ ಎಂಬುದು ಆ ತೀರ್ಪಿನ ಧಾಟಿ. ತೀರ್ಪಿನ ತರ್ಕ ಸರಿಯಿರಬಹುದು. ಆದರೆ ಒಂದೇ ಕಂಪನಿಯ ಬೋರ್ಡು ಹಾಕಿಕೊಂಡು, ಬೇರೆಯವರ ಪಾಲಿಸಿ ಮುಟ್ಟಬೇಡ ಅನ್ನಿಸಿಕೊಂಡವನ ಸ್ವಾತಂತ್ರ್ಯ ಎಷ್ಟರದು? ವಿನಾಯಿತಿ ಕೇಳುವಾಗ ಕಂಪನಿಗಳೂ ಏಜೆಂಟರ ಜೊತೆ ದನಿಗೂಡಿಸುತ್ತವೆ. ಪಿಂಚಣಿಯ ಖರ್ಚು ಉಳಿಯುವುದು ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ತೆರಿಗೆ ಇಲಾಖೆಯ ತಮಾಷೆ ಕೇಳಿ. ಮುಖ್ಯವಾಗಿ ಒಂದೇ ಕಂಪನಿಗೆ ಪೂರ್ಣಾವಧಿ ಜೀವವಿಮೆ ಮಾರುವ ಏಜೆಂಟ್ ಅಲ್ಲಿ ಸೋಶಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿ ವ್ಯವಸ್ಥೆಯ ಲೆಕ್ಕಕ್ಕೆ ನೌಕರ. ಆದಾಯ ತೆರಿಗೆಯಲ್ಲಿ ಖರ್ಚು ಕಳೆಯುವ ಲೆಕ್ಕಕ್ಕೆ ವ್ಯಾಪಾರಿ.

ನಮ್ಮ ಎಲ್‌ಐಸಿ ಏಜೆಂಟರೂ ಕಮಿಷನ್ ಮೇಲೆ ದುಡಿಯುವವರೇ, ಕಾಯಂ ನೌಕರರಲ್ಲ. ಅವರ ಸಂಖ್ಯೆ 13 ಲಕ್ಷಕ್ಕೂ ಜಾಸ್ತಿ ಎಂದು 2023ರಲ್ಲಿ ಸರ್ಕಾರವೇ ಹೇಳಿತ್ತು. ಆದರೂ ಅವರಿಗೆ ಗ್ರ್ಯಾಚುಟಿ ಇದೆ. ಅದೇ ವರ್ಷ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದರು. ಹೆಸರು ಏನೇ ಇರಲಿ, ಕೈಗೆ ಇಷ್ಟಾದರೂ ಬರಲಿ ಎಂಬ ಈ ದಾರಿ ಅಲ್ಲಿನ ವಾದಗಳಲ್ಲಿ ಕೇಳಿಸುವುದೇ ಕಡಿಮೆ.

ನಮಸ್ಕಾರ.