ಮೊದ್ಲು ಕಳೆ, ಆಮೇಲೆ ಬೀಜ. ಎಷ್ಟು ಸಲ ಹೇಳ್ಬೇಕು ಸ್ವಾಮಿ?

ನಮಸ್ಕಾರ ನಮಸ್ಕಾರ, ಎಲ್ರೂ ಹೇಗಿದ್ದೀರಾ. ಇವತ್ತು ಹುಲ್ಲು ಕತ್ತರಿಸೋ ಮೋವರ್ ಬ್ಲೇಡ್ ಸಾಣೆ ಹಿಡಿಯೋದ್ರ ಬಗ್ಗೆ ಮಾತಾಡೋಣ ಅಂತಿದ್ದೆ, ಅದು ಕ್ಯಾನ್ಸಲ್. ಹಿಮ ಬೀಳೋ ಊರುಗಳಲ್ಲಿ ಶರತ್ಕಾಲಕ್ಕೆ ಲಾನ್‌ಗೆ ಹುಲ್ಲಿನ ಬೀಜ ಹಾಕ್ತಾರಲ್ಲ, ಅದಕ್ಕೆ ಮುಂಚೆ ಕಳೆ ತೆಗೀಬೇಕು ಅನ್ನೋದು ನನ್ನ ಮಾತು. ಅದಕ್ಕೆ ಹೋದ ವಿಡಿಯೋದಲ್ಲಿ ಒಬ್ರು ಕಾಮೆಂಟ್ ಹಾಕಿದ್ದಾರೆ, ಓದ್ತೀನಿ ಕೇಳಿ: "ಸುಮ್ನೆ ಯಾಕೆ ತಲೆ ಕೆಡಿಸ್ಕೊತೀರಾ ಬ್ರೋ, ಬೀಜ ಎರಚಿ ನೀರು ಬಿಡಿ, ಹುಲ್ಲು ದಟ್ಟ ಆದ್ರೆ ಕಳೆ ತಾನಾಗೇ ಸಾಯುತ್ತೆ." ಇದಕ್ಕೆ ಲೈಕ್ ಬೇರೆ ಬಿದ್ದಿದೆ ರೀ! ನನ್ ವಿಡಿಯೋಗೆ ಲೈಕ್ ಒತ್ತೋಕೆ ಬೆರಳು ನೋಯುತ್ತೆ, ಇಂಥದ್ದಕ್ಕೆ ಮಾತ್ರ ಸಾಲಾಗಿ ಬಂದು ಒತ್ತಿ ಹೋಗ್ತೀರಾ.

ನಮ್ಮಲ್ಲಿ ಗಾದೆ ಇದೆಯಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತ, ಹಂಗಾಯ್ತು ಇವರ ಲೆಕ್ಕ. ಹುಲ್ಲು ದಟ್ಟ ಆದ್ರೆ ಕಳೆ ಹೋಗುತ್ತೆ, ಸರಿ, ಒಪ್ಪಿದೆ. ಆದ್ರೆ ಕಳೆ ಕೂತಿರೋ ಜಾಗದಲ್ಲಿ ಹುಲ್ಲು ದಟ್ಟ ಆಗೋದು ಹೇಗೆ? ಬೀಜಕ್ಕೆ ಬೇಕಾಗಿರೋದು ಮಣ್ಣು. ಡ್ಯಾಂಡೆಲಿಯನ್ ಅನ್ನೋ ಹಳದಿ ಹೂವಿನ ಕಳೆ ತನ್ನ ಎಲೆನೆಲ್ಲ ಚಕ್ರದ ಥರ ನೆಲಕ್ಕೆ ಹಾಸ್ಕೊಂಡು ಮಲಗಿರುತ್ತೆ, ನೀವು ಎರಚಿದ ಬೀಜ ಆ ಎಲೆ ಮೇಲೆ ಬಿದ್ದು, ಬಿಸಿಲಿಗೆ ಒಣಗಿ, ಇರುವೆ ಪಾಲೋ ಹಕ್ಕಿ ಪಾಲೋ ಆಗುತ್ತೆ. ಆದ್ರಿಂದ ಮೊದ್ಲು ಕಳೆ, ಆಮೇಲೆ ಬೀಜ. ಇಷ್ಟೇ ನಾನು ಹೇಳ್ತಿರೋದು. ಅದನ್ನೇ ಇನ್ನೂ ಐದಾರು ಸಲ ಹೇಳ್ತೀನಿ, ಬೇಜಾರಾದವ್ರು ಸ್ಪೀಡ್ ಜಾಸ್ತಿ ಇಟ್ಕೊಂಡು ನೋಡಿ.

ಈಗ ಇನ್ನೊಂದು ಥರದವ್ರು ಬರ್ತಾರೆ. "ಸರಿ ಸಾರ್, ಒಂದೇ ಭಾನುವಾರ ಎರಡೂ ಮುಗಿಸ್ಬಿಡ್ತೀನಿ, ಬೆಳಗ್ಗೆ ಕಳೆ ಸಾಯಿಸೋ ಔಷಧಿ, ಸಂಜೆ ಬೀಜ." ಅಯ್ಯೋ ದೇವ್ರೇ. ಸ್ವಲ್ಪ ಕೂತು ಯೋಚನೆ ಮಾಡಿ, ಈ ಎರಡು ಕೆಲಸಕ್ಕೆ ಬೇಕಾಗಿರೋದು ಪೂರ್ತಿ ಉಲ್ಟಾ. ಔಷಧಿ ಹೊಡೆದ ಮೇಲೆ ಎಲೆ ಒಣಗಿರ್ಬೇಕು, ಒಂದು ದಿನ ಆದ್ರೂ ನೀರು ತಾಗಿಸ್ಬಾರ್ದು, ಇಲ್ಲಾಂದ್ರೆ ತೊಳೆದು ಹೋಗುತ್ತೆ. ಬೀಜ ಹಾಕಿದ್ಮೇಲೆ ದಿನಕ್ಕೆ ಎರಡು ಸಲ, ಬಿಸಿಲಿದ್ರೆ ಮೂರು ಸಲ, ಸ್ವಲ್ಪ ಸ್ವಲ್ಪ ನೀರು ಚಿಮುಕಿಸ್ತಾನೇ ಇರ್ಬೇಕು, ಮೇಲ್ಮಣ್ಣು ಒಣಗೋ ಹಾಗಿಲ್ಲ. ಔಷಧಿಗೆ ಕಳೆಯ ಎಲೆ ಅಗಲವಾಗಿ ಸಿಗ್ಬೇಕು, ಅದಕ್ಕೇ ಹೊಡೆಯೋಕೆ ಎರಡು ದಿನ ಮುಂಚೆಯಿಂದ ಎರಡು ದಿನ ಆಗೋವರೆಗೂ ಮೋವರ್ ಮುಟ್ಬಾರ್ದು. ಬೀಜಕ್ಕೆ ಮುಂಚೆ ಹುಲ್ಲನ್ನ ಗಿಡ್ಡಕ್ಕೆ ಕತ್ತರಿಸಿ, ಒಣಗಿದ ಪದರ ಎಲ್ಲ ಕೆರೆದು ತೆಗೀಬೇಕು. ಒಂದೇ ದಿನ ಎರಡೂ ಹೇಗೆ ಮಾಡ್ತೀರಾ ಹೇಳಿ, ನನಗೂ ಕಲಿಸಿ, ಅದನ್ನೇ ಒಂದು ವಿಡಿಯೋ ಮಾಡ್ತೀನಿ, ನಿಮ್ಮ ಹೆಸರೂ ಹಾಕ್ತೀನಿ.

ಇದು ನೀರಿನ ಕಥೆ ಆಯ್ತು. ಔಷಧಿ ಮಣ್ಣಲ್ಲಿ ಉಳ್ಕೊಳ್ಳೋ ಕಥೆ ಇನ್ನೂ ಮುಖ್ಯ. ಅಗಲ ಎಲೆ ಕಳೆಗೆ ಹೊಡೆಯೋದು ಸಾಮಾನ್ಯವಾಗಿ 2,4-ಡಿ, ಡೈಕಾಂಬಾ, ಮೆಕೊಪ್ರೋಪ್, ಇವು ಮೂರೂ ಸೇರಿಸಿರೋ ಬಾಟಲೇ ಜಾಸ್ತಿ. ಹೊಡೆದ ಮೇಲೆ ಬೀಜ ಹಾಕೋಕೆ ಮೂರರಿಂದ ನಾಲ್ಕು ವಾರ ಕಾಯಿರಿ ಅಂತ ಲೇಬಲ್ ಮೇಲೇ ಬರೆದಿರುತ್ತೆ, ಆದ್ರೆ ಲೇಬಲ್ ಓದೋದು ಅಂದ್ರೆ ನಮ್ಮವರಿಗೆ ಅವಮಾನ. ಗ್ಲೈಫೋಸೇಟ್ ಆದ್ರೆ ಮಣ್ಣಿಗೆ ಅಂಟ್ಕೊಂಡು ಸುಮ್ನಾಗುತ್ತೆ, ಸುಮಾರು ಒಂದು ವಾರ ಬಿಟ್ಟು ಬೀಜ ಹಾಕ್ಬಹುದು. ಆದ್ರೆ ಅದು ಕಳೆ, ಹುಲ್ಲು ಅಂತ ನೋಡದೆ ಎಲ್ಲಾನೂ ಸಾಯಿಸುತ್ತೆ, ಗರಿಕೆ ಥರ ಹಬ್ಬಿರೋ ಜಾಗಕ್ಕೆ ಮಾತ್ರ ನೋಡ್ಕೊಂಡು ಹೊಡೀಬೇಕು. ಗರಿಕೆ ಒಂದೇ ಏಟಿಗೆ ಹೋಗಲ್ಲ, ಮತ್ತೆ ಚಿಗುರುತ್ತೆ, ಮತ್ತೆ ಹೊಡೀಬೇಕು. ಅಂದ್ರೆ ಏನಾಯ್ತು? ಇನ್ನೂ ಬೇಗ ಶುರು ಮಾಡ್ಬೇಕು ಅಂತಾಯ್ತು.

ಅದಕ್ಕೇ ಹೇಳೋದು, ಹಿಂದಕ್ಕೆ ಎಣಿಸಿ. ಮೊದಲ ಗಟ್ಟಿ ಹಿಮ ಬೀಳೋ ಹೊತ್ತಿಗೆ ಹೊಸ ಹುಲ್ಲಿಗೆ ಸುಮಾರು 45 ದಿನ ಆದ್ರೂ ಆಗಿರ್ಬೇಕು. ಲಾನ್ ಹುಲ್ಲಿನ ತಳಿಗಳಲ್ಲಿ ರೈಗ್ರಾಸ್ ಒಂದು ವಾರದಲ್ಲೇ ತಲೆ ಎತ್ತುತ್ತೆ, ಟಾಲ್ ಫೆಸ್ಕ್ಯೂಗೆ ಹತ್ತು ದಿನ ಆಚೀಚೆ, ಕೆಂಟಕಿ ಬ್ಲೂಗ್ರಾಸ್ ಸೋಮಾರಿ, ಎರಡು ವಾರದಿಂದ ನಾಲ್ಕು ವಾರದವರೆಗೂ ಎಳೆಯುತ್ತೆ. ಆ 45 ದಿನದ ಹಿಂದೆ ಇನ್ನು ನಾಲ್ಕು ವಾರ ಕಳೆಗೆ ಬಿಡಿ. ಲೆಕ್ಕ ಹಾಕಿದ್ರೆ ಏನ್ ಬರುತ್ತೆ? ಬೇಸಿಗೆ ಬಿಸಿಲು ಇನ್ನೂ ಇಳಿದೇ ಇರಲ್ಲ, ಆಗ್ಲೇ ಕಳೆ ಕೆಲಸ ಶುರು! ಎಲೆ ಉದುರೋದು ನೋಡಿ ನೆನಪಾಗಿ ಸ್ಪ್ರೇಯರ್ ಹುಡುಕೋಕೆ ಹೋಗೋವ್ರು ಆಗ್ಲೇ ಲೇಟು. ಒಂದು ಎಚ್ಚರಿಕೆ, 30 ಡಿಗ್ರಿ ದಾಟಿರೋ ಮಧ್ಯಾಹ್ನ 2,4-ಡಿ, ಡೈಕಾಂಬಾ ಎಲ್ಲ ಹೊಡೀಬೇಡಿ, ಆವಿಯಾಗಿ ಪಕ್ಕದವರ ಗಿಡಕ್ಕೆ ತಗಲುತ್ತೆ, ಇರೋ ಹುಲ್ಲೂ ಸುಟ್ಟುಹೋಗುತ್ತೆ. ತಂಪು ಹೊತ್ತಲ್ಲಿ, ಗಾಳಿ ಇಲ್ದಿರೋವಾಗ ಹೊಡೀರಿ.

ಅಂದಹಾಗೆ ಇಲ್ಲಿವರೆಗೂ ಕೇಳಿದ್ದೀರಾ ಅಂದ್ರೆ ಸಬ್‌ಸ್ಕ್ರೈಬ್ ಮಾಡಿರ್ತೀರಾ ಅಂದ್ಕೊಂಡಿದ್ದೀನಿ. ಮಾಡಿಲ್ವಾ? ನಾನೇನೂ ಅಂದ್ಕೊಳಲ್ಲ. ಸ್ವಲ್ಪ ಅಂದ್ಕೊಳ್ತೀನಿ.

ಹಾಂ, ಪ್ರೀ-ಎಮರ್ಜೆಂಟ್ ಪಂಡಿತರು. "ಕಳೆ ಬೀಜ ಮೊಳಕೇನೇ ಒಡೀದಂಗೆ ಮಾಡೋ ಔಷಧಿ ಇದೆಯಲ್ಲ, ಬೀಜಕ್ಕೆ ಮುಂಚೆ ಅದನ್ನ ಹಾಕ್ಲಾ?" ಹಾಕಿ ಹಾಕಿ, ಚೆನ್ನಾಗಿ ಹಾಕಿ. ಪ್ರೊಡಯಾಮೈನ್, ಪೆಂಡಿಮೆಥಾಲಿನ್, ಡೈಥಯೋಪೈರ್ ಇವಕ್ಕೆಲ್ಲ ಇದು ಕಳೆ ಬೀಜ, ಇದು ಸಾಹೇಬ್ರು ದುಡ್ಡು ಕೊಟ್ಟು ತಂದ ಬೀಜ ಅಂತ ಗೊತ್ತಾಗುತ್ತಾ? ಮೊಳಕೆ ಬೇರು ಬಿಡೋಕೆ ಹೋದ್ರೆ ಅಲ್ಲೇ ಹಿಡ್ಕೊಳ್ಳುತ್ತೆ, ತಿಂಗಳುಗಟ್ಟಲೆ ಮಣ್ಣಲ್ಲಿ ಕಾವಲು ಕೂತಿರುತ್ತೆ. ಆಮೇಲೆ ಬಂದು "ಬೀಜ ಕಳಪೆ ಸಾರ್" ಅಂತ ಅಳ್ತೀರಾ. ಈಗ ಯಾರೋ ಒಬ್ರು ಮೆಸೊಟ್ರಿಯೋನ್ ಅನ್ನೋ ಕಳೆ ಔಷಧಿನ ಬಿತ್ತನೆ ದಿನಾನೇ ಹಾಕ್ಬಹುದು ಅಂತ ಟೈಪ್ ಮಾಡ್ತಿದ್ದೀರಾ, ಗೊತ್ತು. ಹಾಕ್ಬಹುದು, ಟಾಲ್ ಫೆಸ್ಕ್ಯೂ, ಬ್ಲೂಗ್ರಾಸ್, ರೈಗ್ರಾಸ್‌ಗೆ ಆಗುತ್ತೆ, ಫೈನ್ ಫೆಸ್ಕ್ಯೂ ಬಿತ್ತಿದ್ರೆ ಆಗಲ್ಲ. ಬುದ್ಧಿವಂತರು ನೀವು, ನಿಮಗೆ ಈ ವಿಡಿಯೋ ಅಲ್ಲ, ಹೋಗಿ ಕಾಫಿ ಕುಡೀರಿ.

"ಸಾರ್, ಚಳಿಗೆ ಕಳೆ ಸಾಯಲ್ವಾ?" ಕ್ರ್ಯಾಬ್‌ಗ್ರಾಸ್ ಸಾಯುತ್ತೆ. ಅದು ಹುಲ್ಲಿನ ಥರಾನೇ ಇರೋ ಕಳೆ, ಒಂದೇ ವರ್ಷದ ಗಿರಾಕಿ, ಹಿಮ ಬಿದ್ರೆ ಖತಂ, ಶರತ್ಕಾಲದಲ್ಲಿ ಅದಕ್ಕೆ ಔಷಧಿ ಹೊಡೆದು ದುಡ್ಡು ಕಳೀಬೇಡಿ. ಅಷ್ಟೊತ್ತಿಗೆ ಬೀಜ ಉದುರಿಸಿ ಮುಗಿಸಿರುತ್ತೆ ಅದು. ಆದ್ರೆ ಡ್ಯಾಂಡೆಲಿಯನ್, ಬಿಳಿ ಕ್ಲೋವರ್, ಪ್ಲಾಂಟೇನ್ (ಬಾಳೆ ಅಲ್ಲ, ಲಾನ್ ಕಳೆ), ಇವು ವರ್ಷಾನುಗಟ್ಟಲೆ ಬದುಕೋವು, ಚಳಿಗಾಲ ಅಂದ್ರೆ ಇವಕ್ಕೆ ರಜಾ ಅಷ್ಟೇ. ಚಳಿಗೆ ಮುಂಚೆ ಎಲೆಯಲ್ಲಿರೋ ಆಹಾರಾನೆಲ್ಲ ಬೇರಿಗೆ ಇಳಿಸ್ಕೊಳ್ತಾವೆ, ಆ ಹೊತ್ತಲ್ಲಿ ಎಲೆ ಮೇಲೆ ಬಿದ್ದ ಔಷಧೀನೂ ಜೊತೆಗೇ ಬೇರಿಗೆ ಇಳಿಯುತ್ತೆ. ಇವು ಸಾಯೋಕೆ ಅದಕ್ಕಿಂತ ಒಳ್ಳೆ ಕಾಲ ಇಲ್ಲ. "ಹಂಗಾದ್ರೆ ಬೀಜ ಹಾಕಿದ್ಮೇಲೆ ಹೊಡೀಬಹುದಲ್ಲ?" ಅಂತ ಕೇಳಂಗಿಲ್ಲ, ಹೊಸ ಹುಲ್ಲನ್ನ ಮೂರ್ನಾಲ್ಕು ಸಲ ಕತ್ತರಿಸೋವರೆಗೂ ಅದರ ಮೇಲೆ ಔಷಧಿ ಬೀಳೋ ಹಾಗಿಲ್ಲ. ಅದಕ್ಕೇ ಮೊದ್ಲು ಕಳೆ!

"ನಾವು ಕೆಮಿಕಲ್ ಮುಟ್ಟಲ್ಲ ಸಾರ್." ಮುಟ್ಬೇಡಿ, ಕೈಯಲ್ಲಿ ಕೀಳಿ, ಸಂತೋಷ. ಆದ್ರೆ ಡ್ಯಾಂಡೆಲಿಯನ್ ತಾಯಿಬೇರು ತುಂಡಾಗಿ ಒಳಗೆ ಉಳಿದ್ರೆ ಅದರಿಂದಾನೇ ಮತ್ತೆ ಬರುತ್ತೆ, ಮಣ್ಣು ಒದ್ದೆ ಇದ್ದಾಗ ಉದ್ದ ಸಲಾಕೆ ಹಾಕಿ ಬುಡದಿಂದ ಎತ್ತಬೇಕು. ಇಡೀ ನೆಲ ಅಗೆದು ತಿರುವಿ ಹಾಕ್ಬೇಡಿ ಮತ್ತೆ, ಒಳಗೆ ಮಲಗಿರೋ ಕಳೆ ಬೀಜಕ್ಕೆಲ್ಲ ಬೆಳಕು ತೋರಿಸಿ ಎಬ್ಬಿಸ್ದಂಗೆ. ಕೈಯಲ್ಲಿ ಕಿತ್ರೂ ಬೀಜಕ್ಕೆ ಮುಂಚೇನೇ ಕೀಳ್ಬೇಕು, ಬೀಜ ಹಾಕಿದ್ಮೇಲೆ ಅದರ ಮೇಲೆ ಕೂತು ಕೀಳ್ತೀರಾ? ಹೊಸ ಮೊಳಕೆ ನಿಮ್ಮ ಮಂಡಿ ಕೆಳಗೆ ಇರುತ್ತೆ.

"ಎಲ್ಲಾ ಬಿಟ್ಟು ಸ್ಪ್ರಿಂಗ್‌ನಲ್ಲಿ ಹಾಕ್ತೀವಿ" ಅನ್ನೋವ್ರಿಗೆ ಉತ್ತರಾನೇ ಕೊಡಲ್ಲ. ಹಾಕಿ. ಕ್ರ್ಯಾಬ್‌ಗ್ರಾಸ್ ಬೀಜದ ಜೊತೆ ನಿಮ್ಮ ಬೀಜ ಓಟದ ಪಂದ್ಯ ಆಡ್ಲಿ.

ಮೊದ್ಲು ಕಳೆ, ಆಮೇಲೆ ಬೀಜ. ಯಾಕೆ? ಯಾಕೆ ಅಂತ ಇಷ್ಟೊತ್ತು ಹೇಳಿದ್ನಲ್ಲ! ಮತ್ತೆ ಯಾಕೆ ಅಂದ್ರೆ ನಾನು ಹೇಳ್ತಿದ್ದೀನಿ ಅದಕ್ಕೆ, ಸಾಕಾ? ಮೈಕ್ ನಂದು, ಚಾನೆಲ್ ನಂದು, ಗಂಟಲೂ ನಂದೇ ಹೋಗ್ತಿರೋದು. ನಾಲ್ಕು ವಾರ ಕಾಯೋಕಾಗಲ್ಲ ಅನ್ನೋವ್ರು ಹಸಿರು ಕಾರ್ಪೆಟ್ ಹಾಸ್ಕೊಳ್ಳಿ, ನೀರೂ ಬೇಡ, ನಾನೂ ಬೇಡ.

ಸರಿ, ಇದು ಯಾವ ಕಳೆ ಅಂತ ಫೋಟೋ ಕಳಿಸೋವ್ರು ದಯವಿಟ್ಟು ಹತ್ರದಿಂದ ತೆಗೆದು ಕಳಿಸಿ, ಮಹಡಿ ಮೇಲಿಂದ ತೆಗೆದ ಹಸಿರು ಮಸುಕಲ್ಲಿ ನನಗೇನೂ ಕಾಣಲ್ಲ. ಕಾಂಡನ ಎರಡು ಬೆರಳ ಮಧ್ಯ ಉರುಳಿಸಿ ನೋಡಿ, ಮೂರು ಮೂಲೆ ಕೈಗೆ ಸಿಕ್ರೆ ಅದು ಹುಲ್ಲೇ ಅಲ್ಲ, ಜೇಕು, 2,4-ಡಿಗೆಲ್ಲ ಅದು ಜಗ್ಗಲ್ಲ, ಕೆಳಗೆ ಗಡ್ಡೆ ಇಟ್ಕೊಂಡಿರುತ್ತೆ. ಅದರ ಮೇಲೆ ಬೇರೆ ವಿಡಿಯೋನೇ ಬೇಕು, ಬೆಲ್ ಒತ್ತಿಟ್ಕೊಳ್ಳಿ, ಬರ್ತೀನಿ.