ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಕಾಯಬೇಕಾ? ಕಲಬುರಗಿಯಿಂದ ನನ್ನ ಲೆಕ್ಕ

ಗೇಮ್‌ಗೆ, ವಿಡಿಯೋ ಎಡಿಟಿಂಗ್‌ಗೆ ಕಂಪ್ಯೂಟರ್‌ನಲ್ಲಿ ಹಾಕುವ ಗ್ರಾಫಿಕ್ಸ್ ಕಾರ್ಡ್ ಮಾಡುವ ಕಂಪನಿ ಎನ್‌ವಿಡಿಯಾ. ಅದರ ಮುಂದಿನ ಕಾರ್ಡ್ ಯಾವಾಗ ಅಂತ ಎಲ್ಲರೂ ಲೆಕ್ಕ ಹಾಕುವುದು ದೊಡ್ಡ, ದುಬಾರಿ ಕಾರ್ಡ್ ಹಿಡಿದು. 1080 ಅನ್ನೋ ಮಾಡೆಲ್ ಬಂದಿದ್ದು 2016ರ ಮೇನಲ್ಲಿ. 2080, 2018ರ ಸೆಪ್ಟೆಂಬರ್. 3080, 2020ರ ಸೆಪ್ಟೆಂಬರ್. 4090, 2022ರ ಅಕ್ಟೋಬರ್. 5090, 2025ರ ಜನವರಿ. ಎರಡು ವರ್ಷ, ಮೇಲೆ ಒಂದಿಷ್ಟು ತಿಂಗಳು. ಸರಿ.

ಆದರೆ 5090 ಕೊಳ್ಳುವವರು ನಮ್ಮೂರಲ್ಲಿ ಎಷ್ಟು ಮಂದಿ ಇದ್ದಾರೆ? ಅದೊಂದೇ 575 ವ್ಯಾಟ್ ತಿನ್ನುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ ಆ ಕಾರ್ಡ್ ರೂಮಿಗೆ ಬಂದರೆ ಕೂಲರ್ ಇದ್ದೂ ಇಲ್ಲದಂತೆ.

ನಾವು ಕೊಳ್ಳುವುದು ನಂಬರಿನ ಕೊನೆಯಲ್ಲಿ 60 ಇರುವ ಅಗ್ಗದ ಕಾರ್ಡ್, ಅಲ್ವಾ? ಅದರ ತಾರೀಖೇ ಬೇರೆ. 1060, 2016ರ ಜುಲೈ. 2060, 2019ರ ಜನವರಿ. 3060, 2021ರ ಫೆಬ್ರವರಿ. 4060, 2023ರ ಜೂನ್. 5060, 2025ರ ಮೇ. ಅಂದರೆ ನಡುವೆ 23ರಿಂದ 30 ತಿಂಗಳು. ಇದೇ ಲೆಕ್ಕದಲ್ಲಿ ಮುಂದಿನದು 2027ರ ಏಪ್ರಿಲ್‌ನಿಂದ ನವೆಂಬರ್ ಒಳಗೆ ಬರಬೇಕು.

ನನಗೆ ಅಷ್ಟು ಬೇಗ ಬರುತ್ತದೆ ಅನ್ನಿಸುವುದಿಲ್ಲ. ಕಾರಣ ಮೆಮೊರಿ. ಕಾರ್ಡ್‌ಗೆ ಬೇಕಾದ ಜಿಡಿಡಿಆರ್7 ಮೆಮೊರಿ, ಎಐ ಸರ್ವರ್‌ಗೆ ಬೇಕಾದ ಎಚ್‌ಬಿಎಂ ಮೆಮೊರಿ, ಎರಡನ್ನೂ ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಕಡೆ ದುಡ್ಡು ಜಾಸ್ತಿ, ಹಾಗಾಗಿ ಮಾಲು ಅತ್ತ ಹೋಗುತ್ತದೆ. 2025ರ ಕೊನೆಗೆ ಸಾದಾ ರ‍್ಯಾಮ್ ದರ ಹೇಗೆ ಏರಿತು ಅಂತ ನೋಡಿದ್ದೀರಲ್ಲ. ಚಿಪ್ ತಯಾರಿದ್ದರೂ ಮೆಮೊರಿ ಸಿಗದಿದ್ದರೆ ಕಾರ್ಡ್ ಎಲ್ಲಿಂದ ಬರಬೇಕು? ನನ್ನ ಅಂದಾಜು, 60 ಕಾರ್ಡ್ ನಮ್ಮ ಕೈಗೆ ಸಿಗುವುದು 2028ರಲ್ಲಿ.

ಮದುವೆ ವಿಡಿಯೋ ಎಡಿಟ್ ಮಾಡುವ ನಮ್ಮ ಓಣಿಯ ಅಣ್ಣ ಕೇಳಿದರು, "ತಮ್ಮಾ, ಈಗ ತಗೊಳ್ಳಲೋ, ತಡೀಲೋ?" ತಗೊಳ್ಳಿ ಅಂದೆ. ಸೀಸನ್ ಕೆಲಸ ಕಾಯುವುದಿಲ್ಲ. 5060ಕ್ಕಿಂತ ಒಂದು ಮೆಟ್ಟಿಲು ಮೇಲಿನ 5060 ಟಿಐ 8 ಜಿಬಿ, 16 ಜಿಬಿ ಮೆಮೊರಿ ಎರಡರಲ್ಲೂ ಬರುತ್ತದೆ, 16 ಇರುವುದನ್ನೇ ನೋಡಿ. ಇಲ್ಲಿ ಸಿಗದಿದ್ದರೆ ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿ ಇದೆ, ರೈಲು ಹತ್ತಿದರೆ ಆಯಿತು.

ಸುಮ್ನೆ ಗೇಮ್ ಆಡುವವರು ಕಾಯಬಹುದು. ಅವರಿಗೆ ಒಂದು ಗುರುತು ಹೇಳುತ್ತೇನೆ. 2019ರ ಜುಲೈಯಲ್ಲಿ ಸೂಪರ್ ಕಾರ್ಡ್, ಅಂದರೆ ಅದೇ ಪೀಳಿಗೆಯ ಕಾರ್ಡ್‌ಗಳ ಸುಧಾರಿಸಿದ ಮಾಡೆಲ್‌ಗಳು, ಬಂದವು, 14 ತಿಂಗಳಿಗೆ ಹೊಸ ಪೀಳಿಗೆ ಬಂತು. 2024ರ ಜನವರಿಯಲ್ಲಿ ಮತ್ತೆ ಸೂಪರ್ ಬಂದವು, ಒಂದು ವರ್ಷಕ್ಕೆ 5090 ಬಂತು. ಈ ಸಲವೂ ಸೂಪರ್ ಬಂದರೆ ಆ ದಿನದಿಂದ ಒಂದು ವರ್ಷ ಎಣಿಸಿ. 60 ಬೇಕಿದ್ದವರು ಅದರ ಮೇಲೆ ಇನ್ನೂ ನಾಲ್ಕೈದು ತಿಂಗಳು ಸೇರಿಸಿಕೊಳ್ಳಿ.