ಬದನೆಕಾಯಿ ಎಣ್ಣೆ ಕುಡಿದ ಕಥೆ

ನಮಸ್ಕಾರ, ಬನ್ನಿ. ಕ್ಯಾಮೆರಾ ಸ್ವಲ್ಪ ಓರೆಯಾಗಿದೆ, ಇರಲಿ ಬಿಡಿ. ಸರಿ ಮಾಡೋಣ ಅಂದರೆ ಕೈಯೆಲ್ಲ ಒದ್ದೆ. ತೊಳೆಯುವುದು, ಹೆಚ್ಚುವುದು ನಿಮಗೇ ಕಾಣಿಸುತ್ತಿದೆ, ಅದನ್ನು ಬಾಯಲ್ಲೂ ಹೇಳಲ್ಲ.

ತೂಕ ಇಳಿಸೋಣ ಅಂತ ತರಕಾರಿ ಜಾಸ್ತಿ ತಿನ್ನಲು ಶುರು ಮಾಡಿ ಇದು ಏಳನೇ ವಾರ. ಶುರುವಿನಲ್ಲಿ 78 ಕೆಜಿ ಇದ್ದೆ, ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, 28 ದಾಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ವಯಸ್ಕರಿಗೆ 25ರಿಂದ ಮೇಲೆ ಹೋದರೆ ಅಧಿಕ ತೂಕ, 30ರಿಂದ ಮೇಲೆ ಬೊಜ್ಜು. ಮೊದಲ ಮೂರು ವಾರ ತೂಕದ ಮುಳ್ಳು ಅಲ್ಲಾಡಲಿಲ್ಲ. ಯಾಕೆ ಗೊತ್ತಾ? ಎಂದಿನ ಊಟವನ್ನೂ ಪೂರ್ತಿ ಮಾಡಿ, ಅದರ ಮೇಲೆ ಒಂದು ಬಟ್ಟಲು ತರಕಾರಿ ತಿನ್ನುತ್ತಿದ್ದೆ. ಪುಣ್ಯ ಬರುತ್ತದೆ ಅನ್ನುವ ಹಾಗೆ! ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ನೋಡಿದ 2014ರ ಒಂದು ವಿಶ್ಲೇಷಣೆಯೂ ಇದನ್ನೇ ಹೇಳಿತು. ಹಣ್ಣು ತರಕಾರಿ ಹೆಚ್ಚಿಸಿದ್ದರಿಂದಷ್ಟೇ ತೂಕ ಇಳಿಯಲ್ಲ. ತಟ್ಟೆಯಿಂದ ಬೇರೆ ಏನೋ ಹೊರಗೆ ಹೋಗಬೇಕು. ಈಗ ನನ್ನ ಅರ್ಧ ತಟ್ಟೆ ತರಕಾರಿ, ಅಷ್ಟು ಜಾಗ ಅನ್ನ ಬಿಟ್ಟುಕೊಟ್ಟಿದೆ.

ಇದು ಸೌತೆಕಾಯಿ. ನೂರು ಗ್ರಾಂಗೆ ಸುಮಾರು 15 ಕ್ಯಾಲೊರಿ, ಉಳಿದದ್ದೆಲ್ಲ ನೀರು ಅಂತಲೇ ಇಟ್ಟುಕೊಳ್ಳಿ. ನನಗೆ ಸೌತೆಕಾಯಿ ಅಂದರೆ ಬೇಜಾರು, ರುಚಿಯೇ ಇಲ್ಲದ ತರಕಾರಿ.

ಹಾಂ, ಬಾಣಲೆ ಇಟ್ಟಾಯಿತು. ಈಗ ನೋಡಿ, ಇವತ್ತಿನ ಅವಾಂತರ ಇಲ್ಲೇ.

ಬದನೆಕಾಯಿ 400 ಗ್ರಾಂ. ಅದರಲ್ಲಿ ಇರುವುದು ಹೆಚ್ಚುಕಡಿಮೆ 100 ಕ್ಯಾಲೊರಿ. ಎಷ್ಟು ಒಳ್ಳೆಯ ಹುಡುಗಿ ನಾನು ಅಂತ ಖುಷಿಯಲ್ಲಿದ್ದೆ. ಒಂದು ಸುತ್ತು ಎಣ್ಣೆ ಹಾಕಿದೆ, ಮಾಯ! ಬಾಣಲೆ ಒಣಗಿ ಹೋಳುಗಳು ಹಿಡಿಯಲು ಶುರುವಾದವು. ಇನ್ನೊಂದು ಸುತ್ತು ಹಾಕಿದೆ, ಅದೂ ಮಾಯ. ಬದನೆಯ ಒಳಗೆ ಸ್ಪಂಜಿನಂತೆ ಗಾಳಿಯ ಸಂದುಗಳಿವೆ. ಬೇಯುವ ಮೊದಲು ಎಷ್ಟು ಕೊಟ್ಟರೂ ಕುಡಿಯುತ್ತದೆ. ಮೂರನೇ ಸಲ ಸುರಿಯುವಾಗ ಮಗ ಕ್ಯಾಮೆರಾ ಹಿಂದಿನಿಂದ, "ಅಮ್ಮ, ಬಾಟಲ್ ತೂಕ ಹಾಕು" ಅಂದ. ಸುಮ್ನೆ ಇರೋ ಅಂದೆ. ಆದರೆ ಮನಸ್ಸು ಕೇಳಬೇಕಲ್ಲ, ಅಲ್ವಾ? ಅಡುಗೆ ಶುರು ಮಾಡುವಾಗ ಬಾಟಲ್ 912 ಗ್ರಾಂ ಇತ್ತು, ವಿಡಿಯೋದಲ್ಲೇ ಇದೆ. ಈಗ 851. ಅಂದರೆ 61 ಗ್ರಾಂ ಎಣ್ಣೆ. ಗ್ರಾಂಗೆ 9 ಕ್ಯಾಲೊರಿ ಲೆಕ್ಕ ಹಾಕಿ, 549! ನೂರು ಕ್ಯಾಲೊರಿಯ ತರಕಾರಿಗೆ ಐನೂರೈವತ್ತು ಕ್ಯಾಲೊರಿಯ ಅಭಿಷೇಕ. ಬಾಣಲೆಯಲ್ಲಿ ಉಳಿದದ್ದು ಅಂಟಿಕೊಂಡಷ್ಟು ಮಾತ್ರ. ಅಷ್ಟು ಎಣ್ಣೆಯ ಬದಲು ಇನ್ನೂ ಒಂದು ದೊಡ್ಡ ತಟ್ಟೆ ಅನ್ನವನ್ನೇ ಉಣ್ಣಬಹುದಿತ್ತು. ಸಿಟ್ಟು ಬಂತು ನೋಡಿ, ಬದನೆ ಮೇಲಲ್ಲ, ನನ್ನ ಮೇಲೆ. "ತರಕಾರಿ ತಾನೇ" ಅಂತ ಅಳತೆಯೇ ಬಿಟ್ಟಿದ್ದೆ.

ಸಲಾಡ್ ಬಗ್ಗೆಯೂ ಇದೇ ಮಾತು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ತಂಡ 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಪಾಸ್ತಾ ತಿನ್ನುವ ಮೊದಲು ಸುಮಾರು 300 ಗ್ರಾಂ ಕಡಿಮೆ ಕ್ಯಾಲೊರಿಯ ಸಲಾಡ್ ತಿಂದ ಹೆಂಗಸರು ಆ ಊಟದಲ್ಲಿ ಒಟ್ಟು 12 ಶೇಕಡಾ ಕ್ಯಾಲೊರಿ ಕಡಿಮೆ ತಿಂದರು. ಅದೇ ಸಲಾಡ್‌ಗೆ ಕೊಬ್ಬಿನ ಡ್ರೆಸಿಂಗ್, ಚೀಸ್ ಜಾಸ್ತಿ ಹಾಕಿ ಕೊಟ್ಟಾಗ ಉಲ್ಟಾ, ಜಾಸ್ತಿ ತಿಂದರು. ಎಲೆ ಅದೇ, ಮೇಲೆ ಸುರಿದದ್ದು ಬೇರೆ.

ಈ ಕ್ಯಾರೆಟ್ ಯಾರು ತಿಂದಿದ್ದು? ಐದು ಇತ್ತು, ಮೂರೇ ಇದೆ. ಏ, ಕ್ಯಾಮೆರಾ ಹಿಡಿಯೋಕೆ ಬಂದಿದ್ದೀಯಾ, ತಿನ್ನೋಕಾ? ಹಾಗೆ ನೋಡಿದರೆ ಅವನು ಹಸಿ ತಿನ್ನುವುದು ನನಗೂ ಖುಷಿಯೇ. ನಾನು ಮಾತ್ರ ಎರಡನೇ ವಾರ ಒಂದೇ ಸಲಕ್ಕೆ ಅರ್ಧ ಎಲೆಕೋಸು ಹಸಿ ತಿಂದು ರಾತ್ರಿಯೆಲ್ಲ ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡಿದೆ. ನಾರು ಒಮ್ಮೆಲೇ ಜಾಸ್ತಿಯಾದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ತುಂಬುತ್ತವೆ. ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ನೀರೂ ಕುಡಿಯಬೇಕು.

ಅಯ್ಯೋ, ಒಲೆ!

ಸರಿ, ಎರಡನೇ ಸಲ. ಬೇರೆ ಬದನೆಯ ಹೋಳುಗಳನ್ನು ಮೊದಲು ಹಬೆಯಲ್ಲಿ ಆರು ನಿಮಿಷ ಬೇಯಿಸಿದೆ. ಮೆತ್ತಗಾಗಿ ಕುಗ್ಗಿವೆ ನೋಡಿ, ಗಾಳಿಯ ಸಂದುಗಳು ಮುಚ್ಚಿಕೊಂಡಿವೆ. ಈಗ ಇನ್ನೊಂದು ಬಾಣಲೆಗೆ. ಬಾಟಲ್ ಬೇಡ, ಚಮಚ. ಎರಡು ಟೀ ಚಮಚ, ಹೆಚ್ಚುಕಡಿಮೆ 9 ಗ್ರಾಂ. ಅಂಚು ಕೆಂಪಗಾಯಿತು, ಸಾಕಲ್ಲ? ಉಪ್ಪು, ಬೆಳ್ಳುಳ್ಳಿ, ನಿಂಬೆರಸ.

ರುಚಿ... ಮೊದಲಿನದೇ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಇರಿ, ಸೌತೆಕಾಯಿ ಜೊತೆ ತಿಂದರೆ... ಹೂಂ, ಸೌತೆಕಾಯಿ ಪರವಾಗಿಲ್ಲ, ಹಿಂದೆ ಅಂದಿದ್ದು ವಾಪಸ್ ತಗೊಂಡೆ.

ಬ್ಯಾಟರಿ ಕೆಂಪು ತೋರಿಸುತ್ತಿದೆ. ತೂಕ ಇವತ್ತು ಬೆಳಿಗ್ಗೆ 76.4. ಮೊದಲ ಬದನೆ ಇನ್ನೂ ಬಾಣಲೆಯಲ್ಲೇ ಇದೆ, ಅದನ್ನು ನಾಲ್ಕು ಜನ ಹಂಚಿಕೊಂಡು ಮುಗಿಸುತ್ತೇವೆ. ಮಗ ಆಗಲೇ ತಟ್ಟೆ ತಂದ.